ನೀಷೆ ಯಾರ ಕೈಗೆ ಸಿಕ್ಕ?

— ನೀಷೆಯ ಮಾತು ಬಂದಾಗಲೆಲ್ಲ ನೀವು ಆ ಜರ್ಮನ್ ತತ್ತ್ವಜ್ಞಾನಿಯ ಪರ ವಕಾಲತ್ತಿಗೆ ನಿಲ್ಲುತ್ತೀರಿ, ದೊಡ್ಡಪ್ಪ. ಇವತ್ತು ನಾನು ಎದುರು ಕಡೆ. ಒಂದು ಕೊಲೆ ಮೊಕದ್ದಮೆಯಿಂದಲೇ ಶುರು ಮಾಡುತ್ತೇನೆ. 1924ರ ಮೇ ತಿಂಗಳು, ಷಿಕಾಗೊ. ನೇಥನ್ ಲಿಯೊಪೋಲ್ಡ್‌ಗೆ 19 ವರ್ಷ, ರಿಚರ್ಡ್ ಲೋಬ್‌ಗೆ 18. ಇಬ್ಬರೂ ಆಗರ್ಭ ಶ್ರೀಮಂತರ ಮಕ್ಕಳು, ಓದಿನಲ್ಲಿ ವಯಸ್ಸಿಗೆ ಮೀರಿ ಮುಂದಿದ್ದವರು. ಗೊತ್ತಿದ್ದ ಮನೆಯ ಹದಿನಾಲ್ಕರ ಹುಡುಗನನ್ನು ಕಾರಿಗೆ ಹತ್ತಿಸಿಕೊಂಡು ಹೋಗಿ ಕೊಂದುಹಾಕಿದರು. ಹಗೆ ಇರಲಿಲ್ಲ, ದುಡ್ಡಿನ ಕೊರತೆಯೂ ಇರಲಿಲ್ಲ. ಸಾಮಾನ್ಯರ ಕಾನೂನು ಅತಿಮಾನವನಿಗೆ ತಗಲುವುದಿಲ್ಲ ಎಂದು ಲಿಯೊಪೋಲ್ಡ್ ತನ್ನ ಗೆಳೆಯನಿಗೆ ಕಾಗದ ಬರೆದಿದ್ದ. ಆ ಅತಿಮಾನವ ಯಾರ ಪುಸ್ತಕದಿಂದ ಎದ್ದು ಬಂದ?

— ನೀಷೆಯ ಪುಸ್ತಕದಿಂದಲೇ. ಅದನ್ನು ಅಲ್ಲಗಳೆಯುವುದಿಲ್ಲ. ಅವರ ಪರ ವಾದಿಸಿದ ವಕೀಲ ಕ್ಲಾರೆನ್ಸ್ ಡ್ಯಾರೋ ಏನು ಮಾಡಿದ ಎಂಬುದನ್ನೂ ಹೇಳಿಬಿಡು. ಅದು ನಿನ್ನ ಕಸುಬು.

— ತಪ್ಪೊಪ್ಪಿಗೆ ಕೊಡಿಸಿ ಜ್ಯೂರಿಯನ್ನೇ ತಪ್ಪಿಸಿದ. ಶಿಕ್ಷೆಯ ತೀರ್ಮಾನ ಒಬ್ಬ ನ್ಯಾಯಾಧೀಶರ ಕೈಗೆ ಬಂತು. ಗಂಟೆಗಟ್ಟಲೆ ಮಾತಾಡಿದ. ವಿಶ್ವವಿದ್ಯಾಲಯ ಪಾಠ ಹೇಳಿದ, ಪ್ರಕಾಶಕರು ಅಚ್ಚು ಹಾಕಿ ಮಾರಿದ ತತ್ತ್ವವನ್ನು ಒಬ್ಬ ಹುಡುಗ ನಿಜವೆಂದು ನಂಬಿಬಿಟ್ಟರೆ ಅವನ ಕೊರಳಿಗೆ ಮಾತ್ರ ಹಗ್ಗ ಹಾಕುವುದು ನ್ಯಾಯವೇ ಎಂಬುದು ಅವನ ವಾದದ ಒಂದು ಎಳೆ. ನ್ಯಾಯಾಧೀಶ ಕ್ಯಾವರ್ಲಿ ನೇಣು ತಪ್ಪಿಸಿ ಜೀವಾವಧಿ ಮತ್ತು 99 ವರ್ಷ ಕೊಟ್ಟರು. ಮುಖ್ಯವಾಗಿ ನೋಡಿದ್ದು ಹುಡುಗರ ವಯಸ್ಸನ್ನು. ಜನರ ನೆನಪಿನಲ್ಲಿ ಮಾತ್ರ ನೀಷೆ ಉಳಿದುಕೊಂಡ. 1929ರಲ್ಲಿ ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದ 'ರೋಪ್' ನಾಟಕ ಬಂತು, 1948ರಲ್ಲಿ ಹಿಚ್‌ಕಾಕ್ ಅದನ್ನೇ ಸಿನಿಮಾ ಮಾಡಿದ.

— ಆ ಸಿನಿಮಾದಲ್ಲಿ ಕೊಲೆಗಾರರಿಗಿಂತ ನನ್ನನ್ನು ಹೆಚ್ಚು ಕಾಡುವವನು ಅವರ ಮೇಷ್ಟ್ರು. ಜೇಮ್ಸ್ ಸ್ಟೀವರ್ಟ್ ಮಾಡಿದ ಪಾತ್ರ. ಶ್ರೇಷ್ಠರಾದವರಿಗೆ ಕೊಲೆಯೂ ಒಂದು ಕಲೆ ಎಂದು ಔತಣಕೂಟದಲ್ಲಿ ತಮಾಷೆಗೆ ಹೇಳುತ್ತಾ ಕೂತಿರುತ್ತಾನೆ. ಹೆಣ ಅಲ್ಲೇ, ಊಟ ಬಡಿಸಿಟ್ಟ ಪೆಟ್ಟಿಗೆಯೊಳಗೇ ಇರುತ್ತದೆ. ಕೊನೆಗೆ ಮುಚ್ಚಳ ತೆರೆದಾಗ ತನ್ನ ಮಾತೇ ಶಿಷ್ಯರ ಬಾಯಿಂದ ತನಗೆ ವಾಪಸು ಬರುತ್ತದೆ. ತರಗತಿಯಲ್ಲಿ ನಿಂತು ನೀಷೆಯನ್ನು ಪಾಠ ಮಾಡಿದ ಯಾರಿಗೇ ಆದರೂ ಅದನ್ನು ನೋಡಿದ ರಾತ್ರಿ ನಿದ್ದೆ ಬರಬಾರದು. ನನಗೆ ಬರಲಿಲ್ಲ.

— ಆಮೇಲೂ ಪಾಠ ಮಾಡಿದಿರಿ.

— ಮಾಡಿದೆ. ಇನ್ನಷ್ಟು ನಿಧಾನವಾಗಿ ಮಾಡಿದೆ. ಸಾಲು ಹೆಕ್ಕಿ ಹೇಳುವ ಬದಲು ಇಡೀ ಪ್ರಕರಣ ಓದಿಸುತ್ತಿದ್ದೆ. ಅವನ 'ಜರತುಷ್ಟ್ರ' ಪುಸ್ತಕದ ಶುರುವಿನಲ್ಲಿ ಏನಾಗುತ್ತದೆ ನೋಡು. ಬೆಟ್ಟದಿಂದಿಳಿದು ಬಂದ ಜರತುಷ್ಟ್ರ ಸಂತೆಯಲ್ಲಿ ಅತಿಮಾನವನ ವಿಷಯ ಹೇಳುತ್ತಾನೆ. ಜನ ಬಂದಿರುವುದು ಹಗ್ಗದ ಮೇಲೆ ನಡೆಯುವ ದೊಂಬನನ್ನು ನೋಡಲಿಕ್ಕೆ. ಇವನ ಮಾತನ್ನೂ ಆಟದ ಪೀಠಿಕೆ ಅಂದುಕೊಂಡು ನಗುತ್ತಾರೆ. ಹಗ್ಗದಿಂದ ಬಿದ್ದ ಆ ದೊಂಬನ ಬಳಿ ಜರತುಷ್ಟ್ರ ಕೂರುತ್ತಾನೆ, ಸಾಯುವವನಿಗೆ ಸಮಾಧಾನ ಹೇಳುತ್ತಾನೆ, ಹೆಣವನ್ನು ತಾನೇ ಹೆಗಲ ಮೇಲೆ ಹೊತ್ತುಕೊಂಡು ಊರು ದಾಟುತ್ತಾನೆ. ಲಿಯೊಪೋಲ್ಡ್ ಓದಿದ ಪುಸ್ತಕದಲ್ಲೂ ಈ ಪುಟಗಳು ಇದ್ದವು. ಅತಿಮಾನವ ಗೆಲ್ಲಬೇಕಾದದ್ದು ತನ್ನೊಳಗಿನ ಸೋಮಾರಿತನವನ್ನು, ಎರವಲು ತಂದ ನಂಬಿಕೆಗಳನ್ನು. ಪಕ್ಕದ ಮನೆಯ ಹುಡುಗನನ್ನು ಕೊಲ್ಲು ಎನ್ನುವ ಅರ್ಥ ಅಲ್ಲಿ ಹುಡುಕಿದರೂ ಸಿಗುವುದಿಲ್ಲ.

— ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರ ಚೀಲದಲ್ಲಿ ಅದೇ 'ಜರತುಷ್ಟ್ರ' ಇತ್ತಲ್ಲ. ಯುದ್ಧಕ್ಕೆಂದೇ ಗಟ್ಟಿ ರಟ್ಟಿನ ಪ್ರತಿ ಮಾಡಿದ್ದರು.

— ಹೌದು. ಅವನು ಬರೆಯುತ್ತಿದ್ದಾಗ ಅದೇ ಪುಸ್ತಕದ ನಾಲ್ಕನೇ ಭಾಗಕ್ಕೆ ಪ್ರಕಾಶಕರೇ ಗತಿ ಇರಲಿಲ್ಲ. 1885ರಲ್ಲಿ ಸ್ವಂತ ದುಡ್ಡಿನಿಂದ ಸುಮಾರು 40 ಪ್ರತಿ ಅಚ್ಚು ಹಾಕಿಸಿ, ಆಪ್ತರಿಗೆ ಅಂತ ಕೊಡಲಿಕ್ಕೆ ಅಷ್ಟು ಜನವೂ ಇಲ್ಲದೆ ಕೂತಿದ್ದ. 1889ರ ಜನವರಿಯಲ್ಲಿ ಟ್ಯೂರಿನ್‌ನಲ್ಲಿ ಬುದ್ಧಿ ಕೈಕೊಟ್ಟಿತು. 1900ರ ಆಗಸ್ಟ್‌ನಲ್ಲಿ ತೀರಿಕೊಂಡ. ನಡುವಿನ ಆ ಹನ್ನೊಂದು ವರ್ಷಗಳಲ್ಲೇ ಅವನು ಪ್ರಸಿದ್ಧನಾದದ್ದು. ಪ್ರಸಿದ್ಧಿ ಬಂದದ್ದೂ ಗೊತ್ತಾಗಲಿಲ್ಲ, ಆ ಪ್ರಸಿದ್ಧಿಯನ್ನು ಯಾರು ಯಾವುದಕ್ಕೆ ಬಳಸುತ್ತಿದ್ದಾರೆ ಎಂದು ಕೇಳುವ ಬುದ್ಧಿಯೂ ಉಳಿದಿರಲಿಲ್ಲ.

— ಈಗ ತಂಗಿಯ ಕತೆ ಬರುತ್ತದೆ.

— ಬರಲೇಬೇಕು. ಎಲಿಜಬೆತ್ ಮದುವೆಯಾದದ್ದು ಬರ್ನಾರ್ಡ್ ಫಾರ್‌ಸ್ಟರ್ ಎಂಬ ಯಹೂದಿ ದ್ವೇಷದ ಚಳವಳಿಗಾರನನ್ನು. ನೀಷೆ ಆ ಮದುವೆಗೆ ಹೋಗಲಿಲ್ಲ. ಆ ದಂಪತಿ ಪರಾಗ್ವೆಯ ಕಾಡಿನಲ್ಲಿ ಶುದ್ಧ ಜರ್ಮನ್ ರಕ್ತದ ವಸಾಹತು ಕಟ್ಟಲಿಕ್ಕೆ ಒಂದಷ್ಟು ಕುಟುಂಬಗಳನ್ನು ಕರೆದೊಯ್ದರು. ಅದು ನೆಲ ಕಚ್ಚಿತು. 1889ರಲ್ಲಿ ಗಂಡ ಆತ್ಮಹತ್ಯೆ ಮಾಡಿಕೊಂಡ. ಊರಿಗೆ ಮರಳಿದ ಎಲಿಜಬೆತ್ ಕೈಗೆ ಸಿಕ್ಕಿದ್ದು ಹಾಸಿಗೆ ಹಿಡಿದ ಅಣ್ಣ, ಅವನ ಟಿಪ್ಪಣಿ ಪುಸ್ತಕಗಳ ರಾಶಿ. 1894ರಲ್ಲಿ 'ನೀಷೆ ಆರ್ಕೈವ್' ಶುರು ಮಾಡಿದಳು, ಆಮೇಲೆ ಅದನ್ನು ವೈಮಾರ್ ನಗರಕ್ಕೆ ಒಯ್ದಳು. ಬಂದ ಗಣ್ಯರಿಗೆ ಬಿಳಿ ನಿಲುವಂಗಿ ತೊಡಿಸಿದ ಅಣ್ಣನನ್ನು ದರ್ಶನ ಮಾಡಿಸುತ್ತಿದ್ದಳು. 1901ರಲ್ಲಿ ಆ ಟಿಪ್ಪಣಿಗಳಿಂದ 483 ತುಣುಕು ಆಯ್ದು 'ವಿಲ್ ಟು ಪವರ್' ಎಂಬ ಪುಸ್ತಕ ಬಂತು, 1906ರಲ್ಲಿ ಅದು 1067 ತುಣುಕಿಗೆ ಬೆಳೆಯಿತು. ನೀಷೆಯ ಮೇರುಕೃತಿ ಎಂದು ಅದನ್ನು ಮಾರಿದರು. ಅವನು ಅಂಥ ಪುಸ್ತಕದ ಯೋಜನೆ ಹಾಕಿದ್ದು ನಿಜ. 1888ರಲ್ಲಿ ಅದನ್ನು ಕೈಬಿಟ್ಟದ್ದೂ ಅಷ್ಟೇ ನಿಜ.

— ಕೈಬಿಟ್ಟ ಅಂತ ಹೇಗೆ ಗೊತ್ತು? ಸಾಕ್ಷ್ಯ ಬೇಕು.

— ಸಾಕ್ಷ್ಯ ಹುಡುಕಿದವರು ಇಬ್ಬರು ಇಟಾಲಿಯನ್ನರು, ಜಾರ್ಜಿಯೊ ಕೊಲ್ಲಿ ಮತ್ತು ಮಜೀನೊ ಮೊಂಟಿನಾರಿ. ವೈಮಾರ್ ಆಗ ಕಮ್ಯುನಿಸ್ಟ್ ಪೂರ್ವ ಜರ್ಮನಿಗೆ ಸೇರಿತ್ತು. ನೀಷೆಯ ಹೆಸರೆತ್ತಿದರೆ ಅಲ್ಲಿ ಅಧಿಕಾರಿಗಳ ಹುಬ್ಬು ಗಂಟಿಕ್ಕುತ್ತಿತ್ತು. 1960ರ ದಶಕದಲ್ಲಿ ಮೊಂಟಿನಾರಿ ಅಲ್ಲೇ ಬಿಡಾರ ಹೂಡಿ ಹಸ್ತಪ್ರತಿ ಓದಿದ. ಆ ಟಿಪ್ಪಣಿ ಪುಸ್ತಕಗಳು ಹೇಗಿವೆ ಎಂದರೆ, ನೀಷೆ ಎಷ್ಟೋ ಸಲ ಕೊನೆಯ ಹಾಳೆಯಿಂದ ಮೊದಲಿಗೆ ಬರೆಯುತ್ತಾ ಬರುತ್ತಿದ್ದ. ನಡೆಯುತ್ತಾ ಪೆನ್ಸಿಲ್ಲಿನಲ್ಲಿ ಗೀಚಿದ್ದು, ಮೇಲೆ ಶಾಯಿಯಲ್ಲಿ ತಿದ್ದಿದ್ದು, ಬೇರೆಯವರ ಪುಸ್ತಕದಿಂದ ಬರೆದುಕೊಂಡದ್ದು, ಖರ್ಚಿನ ಲೆಕ್ಕ, ಊರಿಂದೂರಿಗೆ ಹೋಗುವ ಯೋಚನೆ ಎಲ್ಲ ಒಂದೇ ಹಾಳೆಯಲ್ಲಿ. ಮರೆತುಬಂದ ಛತ್ರಿಯ ಬಗ್ಗೆಯೂ ಒಂದು ಸಾಲಿದೆ, ಅದೊಂದನ್ನೇ ಹಿಡಿದು ತತ್ತ್ವಜ್ಞಾನಿ ದೆರಿದಾ ದೊಡ್ಡ ಚರ್ಚೆಯನ್ನೇ ಮಾಡಿದ. ಇಂಥದ್ದರಿಂದ ಕತ್ತರಿಸಿ, ಬೇರೆ ಬೇರೆ ವರ್ಷದ ತುಣುಕನ್ನು ಒಂದರ ಕೆಳಗೊಂದು ಅಂಟಿಸಿ ಅಧ್ಯಾಯ ಮಾಡಿದ್ದು ಆರ್ಕೈವ್. ಕೊಲ್ಲಿ ಮತ್ತು ಮೊಂಟಿನಾರಿ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ 1967ರಿಂದ ಸಂಪುಟಗಳನ್ನು ಹೊರತಂದರು. ಆ ಕ್ರಮದಲ್ಲಿ ಓದಿದರೆ, 1888ರ ಬೇಸಿಗೆಯ ಕೊನೆಗೆ ಆ ಹೆಸರಿನ ಯೋಜನೆ ಮುಗಿದದ್ದು, ಅದಕ್ಕೆಂದು ಇಟ್ಟ ಸಾಮಗ್ರಿ ಬೇರೆ ಪುಸ್ತಕಗಳಿಗೆ ಹೋದದ್ದು ಕಣ್ಣಿಗೆ ಕಾಣುತ್ತದೆ.

— ಎಲಿಜಬೆತ್ ಕಾಗದಗಳನ್ನೂ ತಿದ್ದಿದಳಲ್ಲವೆ?

— ತಾಯಿಗೆ ಬರೆದ ಕಾಗದಗಳಲ್ಲಿ ಯಾರಿಗೆ ಎಂಬುದನ್ನು ಅಳಿಸಿ ತನಗೆ ಬರೆದದ್ದೆಂದು ಮಾಡಿದಳು. 1950ರ ದಶಕದಲ್ಲಿ ವಿದ್ವಾಂಸ ಕಾರ್ಲ್ ಶ್ಲೆಖ್ಟಾ ಅದನ್ನು ಬಯಲಿಗೆಳೆದ. ಅವಳಿಗೆ ನಿಜಕ್ಕೂ ಬರೆದ ಕಾಗದಗಳಲ್ಲಿ ಅಣ್ಣ ಅವಳ ಯಹೂದಿ ದ್ವೇಷದ ನಂಟಿಗೆ ಉಗಿದಿದ್ದಾನೆ, ತನ್ನ ಹೆಸರಿಗೆ ಆ ಜನ ಅಂಟಿಕೊಂಡದ್ದಕ್ಕೆ ಗೋಳಾಡಿದ್ದಾನೆ. ಅವಳು ಮುಂದೆ ನೀಷೆಯ ಕೈಕೋಲನ್ನು ಹಿಟ್ಲರನಿಗೆ ಕೊಟ್ಟಳು. 1935ರಲ್ಲಿ ಅವಳು ಸತ್ತಾಗ ಹಿಟ್ಲರ್ ಅಂತ್ಯಕ್ರಿಯೆಗೆ ಬಂದ.

— ಎಲ್ಲವನ್ನೂ ತಂಗಿಯ ತಲೆಗೆ ಕಟ್ಟಿ ಅಣ್ಣನ ಕೈ ತೊಳೆಯುವುದು ನನಗೆ ಒಪ್ಪಿಗೆಯಾಗುವುದಿಲ್ಲ, ದೊಡ್ಡಪ್ಪ. 1886ರ 'ಬಿಯಾಂಡ್ ಗುಡ್ ಅಂಡ್ ಈವಿಲ್' ಅವನೇ ಅಚ್ಚು ಹಾಕಿಸಿದ್ದು. ಉನ್ನತ ಸಂಸ್ಕೃತಿ ಬೇಕೆಂದರೆ ಮೇಲು ಕೀಳಿನ ಉದ್ದನೆಯ ಏಣಿ ಬೇಕು, ಯಾವುದೋ ಒಂದು ಅರ್ಥದ ದಾಸ್ಯ ಬೇಕು ಎನ್ನುವ ವಾದ ಅಲ್ಲಿದೆ. ಹೆಂಗಸರ ಬಗ್ಗೆ ಬರೆದದ್ದನ್ನು ನಾನು ನನ್ನ ಬಾಯಿಂದ ಹೇಳುವುದಿಲ್ಲ. ಕರುಣೆಯನ್ನು ಅವನು ಕಾಯಿಲೆ ಎಂದ. ಇದನ್ನೆಲ್ಲ ಎಲಿಜಬೆತ್ ಬರೆದಳೆ?

— ಇಲ್ಲ. ಎಲ್ಲ ಅವನದೇ. ಅದನ್ನು ಮುಚ್ಚಿಟ್ಟು ಪಾಠ ಮಾಡಿದವರು ಅವನಿಗೂ ಓದುಗರಿಗೂ ಅನ್ಯಾಯ ಮಾಡಿದರು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ವಾಲ್ಟರ್ ಕಾಫ್‌ಮನ್ 1950ರಲ್ಲಿ ಬರೆದ ಪುಸ್ತಕ ನೀಷೆಯನ್ನು ನಾಜಿಗಳ ಹಿಡಿತದಿಂದ ಬಿಡಿಸಿತು. ಅದು ದೊಡ್ಡ ಕೆಲಸ. ಬಿಡಿಸುವ ಅವಸರದಲ್ಲಿ ಅವನನ್ನು ತೀರಾ ಸಭ್ಯನನ್ನಾಗಿಯೂ ಮಾಡಿತು. ನೀಷೆ ಪ್ರಜಾಪ್ರಭುತ್ವದ ಮಿತ್ರ ಖಂಡಿತ ಆಗಿರಲಿಲ್ಲ. ಆದರೆ ಮಗಳೇ, ಅವನಿಂದ ಲೋಕಕ್ಕೆ ಹೋದದ್ದು ಎರಡು. ಒಂದು, ಅವನ ಗಟ್ಟಿ ದನಿಯ ಸಾಲುಗಳು. ಇನ್ನೊಂದು, ಅವನು ಕೇಳಿದ ಒಂದು ಪ್ರಶ್ನೆ. ಸಾಲುಗಳು ಬಲ ಇದ್ದವರ ಗೋಡೆಗೆ ಹೋದವು. ಪ್ರಶ್ನೆ ಹೋದದ್ದು ಅವನು ಎಣಿಸಿರದ ಕಡೆಗೆ.

— ಸಾಲುಗಳ ವಿಷಯ ಮೊದಲು ಮುಗಿಸಿ. ಕೊಲ್ಲದೆ ಬಿಟ್ಟ ಪೆಟ್ಟು ಮನುಷ್ಯನನ್ನು ಗಟ್ಟಿ ಮಾಡುತ್ತದೆ ಎಂಬರ್ಥದ ಅವನ ಮಾತು ಜಿಮ್ಮಿನ ಗೋಡೆಯ ಮೇಲಿದೆ, ಟೀ ಶರ್ಟಿನ ಮೇಲಿದೆ. 1982ರ 'ಕೋನನ್ ದಿ ಬಾರ್ಬೇರಿಯನ್' ಸಿನಿಮಾ ಶುರುವಾಗುವುದೇ ಅದರಿಂದ. ಕೆಲ್ಲಿ ಕ್ಲಾರ್ಕ್‌ಸನ್ ಅದನ್ನೇ ಹಾಡಿನ ಪಲ್ಲವಿ ಮಾಡಿಕೊಂಡಳು. ನಾನು ಅದನ್ನು ಕೇಳುವುದು ಬೇರೆ ಕಡೆ. ಕಾರ್ಖಾನೆಯಲ್ಲಿ ಕೈ ಕಳೆದುಕೊಂಡು ಪರಿಹಾರಕ್ಕೆ ಅಲೆಯುವವರಿಗೆ, ಗಂಡನ ಏಟು ತಿಂದು ಬಂದ ಹೆಂಗಸರಿಗೆ ಹಿತೈಷಿಗಳು ಹೇಳುವ ಮಾತು ಇದೇ ಧಾಟಿಯದು. ಇದರಿಂದ ನೀನು ಗಟ್ಟಿಯಾಗುತ್ತೀಯ ಅಂತ. ಗಟ್ಟಿಯಾದವರನ್ನು ನಾನು ಹೆಚ್ಚು ನೋಡಿಲ್ಲ. ಮುರಿದುಹೋದವರನ್ನು ನೋಡಿದ್ದೇನೆ.

— ನಿನ್ನ ಸಿಟ್ಟು ಸರಿಯಾಗಿದೆ. ಆ ಮಾತು ಇರುವುದು 'ಟ್ವಿಲೈಟ್ ಆಫ್ ದಿ ಐಡಲ್ಸ್'ನಲ್ಲಿ, ಒಂದು ಸಾಲಿನ ಚೂರುಗಳ ನಡುವೆ. ಅವನು ಹೇಳುತ್ತಿರುವುದು ತನ್ನ ಬಗ್ಗೆ, ಬದುಕೆಂಬ ಯುದ್ಧದಲ್ಲಿ ತಾನು ಕಲಿತದ್ದು ಎಂದು. ಯಾರ ನೋವಿಗೂ ಹಚ್ಚುವ ಔಷಧಿ ಎಂದು ಬರೆದಿಲ್ಲ. ಬರೆದವನ ದೇಹವನ್ನು ನೋಡು. ದಿನಗಟ್ಟಲೆ ತಲೆಶೂಲೆ, ವಾಂತಿ, ಅರೆಗುರುಡು ಕಣ್ಣು. 34ನೇ ವಯಸ್ಸಿಗೆ ಬಾಸೆಲ್‌ನ ಪ್ರಾಧ್ಯಾಪಕ ಹುದ್ದೆ ಬಿಡಬೇಕಾಯಿತು. ಓದಲಾಗದೆ, ಬರೆಯಲಾಗದೆ 1882ರಲ್ಲಿ ಡೆನ್ಮಾರ್ಕಿನ ಒಂದು ಟೈಪ್‌ರೈಟರ್ ತರಿಸಿಕೊಂಡ. ಗೋಲಾಕಾರದ ಯಂತ್ರ, ದಾರಿಯಲ್ಲೇ ಪೆಟ್ಟು ತಿಂದು ಬಂದಿತ್ತು, ಕೆಲವು ವಾರ ಕುಟ್ಟಿ ಬಿಟ್ಟ. ನಾಲ್ಕಾರು ಸಾಲಿನ ತುಣುಕುಗಳಲ್ಲಿ ಬರೆದದ್ದಕ್ಕೆ ಈ ಕಣ್ಣೂ ಒಂದು ಕಾರಣ. ಗಟ್ಟಿಯಾಗುವ ಮಾತು ಬರೆದ ಕೆಲವೇ ತಿಂಗಳಲ್ಲಿ ಅವನೇ ಕುಸಿದುಬಿದ್ದ, ಮತ್ತೆ ಏಳಲಿಲ್ಲ. ಟೀ ಶರ್ಟಿನ ಮೇಲೆ ಇದು ಬರುವುದಿಲ್ಲ.

— ದೇವರ ಸಾವಿನ ಮಾತೂ ಹಾಗೇ ಅಲ್ಲವೆ? ಅದೂ ಪೋಸ್ಟರ್ ಆಯಿತು.

— 1966ರ ಏಪ್ರಿಲ್‌ನಲ್ಲಿ 'ಟೈಮ್' ಪತ್ರಿಕೆ ಕಪ್ಪು ಮುಖಪುಟದ ಮೇಲೆ ಚಿತ್ರವೇ ಇಲ್ಲದೆ ಬರೀ 'ದೇವರು ಸತ್ತನೇ?' ಎಂಬ ಪ್ರಶ್ನೆಯನ್ನು ಕೆಂಪು ಅಕ್ಷರದಲ್ಲಿ ಅಚ್ಚು ಹಾಕಿತು. ಅಮೆರಿಕದ ಚರ್ಚುಗಳಲ್ಲಿ ಗುಲ್ಲೆದ್ದಿತು. ಅದು ನಾಸ್ತಿಕನ ಜಯಕಾರ ಎಂದೇ ಇವತ್ತಿಗೂ ಹೆಚ್ಚಿನವರ ಎಣಿಕೆ. ಆ ಮಾತು ಬರುವ 'ಗೇ ಸೈನ್ಸ್' ಪುಸ್ತಕದ 125ನೇ ತುಣುಕು ನೋಡು, 1882ರದು. ಹಾಡುಹಗಲಲ್ಲಿ ಲಾಂದ್ರ ಹಚ್ಚಿಕೊಂಡು ಒಬ್ಬ ಹುಚ್ಚ ಸಂತೆಗೆ ಓಡಿಬರುತ್ತಾನೆ, ದೇವರನ್ನು ಹುಡುಕುತ್ತಿದ್ದೇನೆ ಎಂದು ಕೂಗುತ್ತಾನೆ. ಸುತ್ತ ನಿಂತವರು ಗೇಲಿ ಮಾಡುತ್ತಾರೆ. ಆ ನಿಂತವರು ಯಾರು? ಭಕ್ತರಲ್ಲ, ದೇವರನ್ನು ನಂಬದವರು. ಹುಚ್ಚ ಸಿಟ್ಟಾಗುವುದು ಅವರ ಮೇಲೆ. ಕೊಂದವರು ನಾವೇ, ನೀವೂ ನಾನೂ, ಏನು ಮಾಡಿಬಿಟ್ಟಿದ್ದೇವೆ ಎಂಬ ಅಳುಕೂ ಇಲ್ಲದೆ ನಗುತ್ತಿದ್ದೀರಲ್ಲ ಎಂಬುದು ಅವನ ಸಂಕಟ. ಮೇಲು ಯಾವುದು, ಕೆಳಗು ಯಾವುದು ಎಂಬ ಲೆಕ್ಕವೇ ತಪ್ಪಿಹೋಗಿದೆ ಅನ್ನುತ್ತಾನೆ. ಕೊನೆಗೆ ಲಾಂದ್ರವನ್ನು ನೆಲಕ್ಕೆ ಕುಕ್ಕುತ್ತಾನೆ, ತಾನು ಬೇಗ ಬಂದುಬಿಟ್ಟೆ ಎನ್ನುತ್ತಾನೆ. ನಾಸ್ತಿಕರಿಗೆ ಅಷ್ಟು ಕಟುವಾಗಿ ಕೇಳಿದ ನಾಸ್ತಿಕ ಇನ್ನೊಬ್ಬನಿಲ್ಲ. ದೇವರು ಬೇಡ ಅಂದಿರಿ, ಆ ದೇವರ ಆಣೆಯ ಮೇಲೆ ನಿಂತಿದ್ದ ಒಳಿತು ಕೆಡಕನ್ನು ಮಾತ್ರ ಹಾಗೇ ಇಟ್ಟುಕೊಂಡಿದ್ದೀರಿ, ಅದು ಯಾವುದರ ಮೇಲೆ ನಿಂತಿದೆ? ಜಾರ್ಜ್ ಎಲಿಯಟ್ ಅಂಥ ದೊಡ್ಡ ಬರಹಗಾರ್ತಿಯನ್ನೂ ಅವನು ಈ ವಿಷಯದಲ್ಲಿ ಬಿಡಲಿಲ್ಲ.

— ಇದು ನನ್ನ ಕಸುಬಿಗೂ ತಾಗುವ ಪ್ರಶ್ನೆ. ಎಲ್ಲ ಮನುಷ್ಯರೂ ಸಮಾನರು ಎಂದು ನಾನು ದಿನಾ ನ್ಯಾಯಾಲಯದಲ್ಲಿ ಹೇಳುತ್ತೇನೆ. ಯಾಕೆ ಸಮಾನರು ಅಂತ ನ್ಯಾಯಾಧೀಶರು ಕೇಳುವುದಿಲ್ಲ, ಸಂವಿಧಾನದ 14ನೇ ವಿಧಿ ಇದೆ. ನೀಷೆ ಕೇಳುತ್ತಾನೆ.

— ಕೇಳುತ್ತಾನೆ. ಅದೇ ಪ್ರಶ್ನೆಯನ್ನು 1887ರ 'ಜೀನಿಯಾಲಜಿ ಆಫ್ ಮಾರಲ್ಸ್' ಬೇರಿನ ತನಕ ಅಗೆಯುತ್ತದೆ. ಒಳ್ಳೆಯದು ಎಂದು ನಾವು ಕರೆಯುವುದಕ್ಕೆ ಒಂದು ಹುಟ್ಟಿದೆ, ಊರಿದೆ, ಅದನ್ನು ಮೊದಲು ಹಾಗೆ ಕರೆದವರಿದ್ದಾರೆ. ಅವರಿಗೆ ಅದು ಯಾಕೆ ಬೇಕಿತ್ತು? ಯಾರನ್ನು ಕೆಳಗಿಡಲಿಕ್ಕೆ, ಯಾರಿಂದ ತಪ್ಪಿಸಿಕೊಳ್ಳಲಿಕ್ಕೆ? ಮಾರ್ಕ್ಸ್, ಫ್ರಾಯ್ಡ್ ಜೊತೆಗೆ ನೀಷೆಯನ್ನು ಸಂಶಯದ ಗುರುಗಳೆಂದು ತತ್ತ್ವಜ್ಞಾನಿ ಪಾಲ್ ರಿಕರ್ ಸೇರಿಸಿದ್ದು ಇದಕ್ಕೇ. ನೀನು ಕಾಲೇಜಿನಲ್ಲಿ ಓದಿದ ಫೂಕೋನ 'ಡಿಸಿಪ್ಲಿನ್ ಅಂಡ್ ಪನಿಶ್' ನೀಷೆಯ ಈ ಪುಸ್ತಕ ಇಲ್ಲದೆ ಹುಟ್ಟುತ್ತಲೇ ಇರಲಿಲ್ಲ. ಜೈಲು ಕರುಣೆಯಿಂದ ಹುಟ್ಟಿತು ಎಂಬ ಕತೆಯನ್ನು ಫೂಕೋ ನಂಬಲಿಲ್ಲ, ಯಾರ ಮೈಯನ್ನು ಹದ ಮಾಡಲಿಕ್ಕೆ ಎಂದು ಕೇಳಿದ.

— ನೀಷೆಯ ಪ್ರಕಾರ ಬಲ ಇಲ್ಲದವರು ತಮ್ಮ ದೌರ್ಬಲ್ಯವನ್ನೇ ಒಳ್ಳೆಯತನ ಎಂದು ಕರೆದು ಬಲಶಾಲಿಗಳನ್ನು ಕೆಟ್ಟವರನ್ನಾಗಿ ಮಾಡಿದರು. ಅದು ಕೆಳಗಿನವರ ಮೇಲಿನ ದೂರು.

— ದೂರೂ ಹೌದು, ಬೆರಗೂ ಹೌದು. ಆ ಉಪಾಯದಿಂದಲೇ ಮನುಷ್ಯ ಆಳವಾದ ಪ್ರಾಣಿಯಾದ ಎಂದೂ ಬರೆದ. ಅವನ ದೂರನ್ನು ಬದಿಗಿಟ್ಟು ಉಪಾಯವನ್ನು ಮಾತ್ರ ಎತ್ತಿಕೊಂಡವರಿದ್ದಾರೆ. ಹ್ಯೂಯಿ ನ್ಯೂಟನ್ ಗೊತ್ತಲ್ಲ? ಕಪ್ಪು ಜನರ ಹಕ್ಕಿಗಾಗಿ 1966ರಲ್ಲಿ ಓಕ್‌ಲೆಂಡ್‌ನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದವರಲ್ಲಿ ಒಬ್ಬ. ತನ್ನ ಆತ್ಮಕಥೆಯಲ್ಲಿ ನೀಷೆಯನ್ನು ಓದಿದ್ದರ ಬಗ್ಗೆ ಬರೆದಿದ್ದಾನೆ. ಬಂದೂಕು ಇಲ್ಲದವರೂ ಹೆಸರಿಡುವ ಬಲದಿಂದ ಆಳುವವರ ಸೊಕ್ಕು ಮುರಿಯಬಹುದು ಎಂಬುದನ್ನು ಅಲ್ಲಿಂದ ಕಲಿತದ್ದಾಗಿ, ಪೊಲೀಸರನ್ನು ಹಂದಿಗಳೆಂದು ಕರೆಯುವ ರೂಢಿ ತಂದದ್ದರ ಹಿಂದೆ ಆ ಯೋಚನೆ ಇದ್ದದ್ದಾಗಿ ಹೇಳುತ್ತಾನೆ. ಅರಾಜಕತಾವಾದಿ ಎಮ್ಮಾ ಗೋಲ್ಡ್‌ಮನ್ ಅಮೆರಿಕದ ಊರೂರಲ್ಲಿ ಕೂಲಿಕಾರರ ಎದುರು ನೀಷೆಯ ಮೇಲೆ ಭಾಷಣ ಮಾಡಿದಳು. ಹೆಂಗಸರನ್ನು, ಸಮತಾವಾದಿಗಳನ್ನು ಹೀಗಳೆದವನನ್ನು ಓದಿ ಅವರು ಹೆದರಲಿಲ್ಲ. ಬೇಕಾದ್ದನ್ನು ಕಿತ್ತುಕೊಂಡರು.

— ನಮ್ಮ ದೇಶದಲ್ಲಿ?

— ಇಲ್ಲಿಯ ನಂಟು ಇನ್ನೂ ನೇರ. 1888ರ ವಸಂತದಲ್ಲಿ ಟ್ಯೂರಿನ್‌ನಲ್ಲಿ ನೀಷೆಯ ಕೈಗೆ ಮನುಸ್ಮೃತಿ ಸಿಕ್ಕಿತು. ಚಂದ್ರನಗರದಲ್ಲಿ ನ್ಯಾಯಾಧೀಶನಾಗಿದ್ದ ಲೂಯಿ ಜಾಕೋಲಿಯೊ ಎಂಬ ಫ್ರೆಂಚನ ಅನುವಾದ, ನೆಚ್ಚಲಾಗದಷ್ಟು ಕೆಟ್ಟದ್ದು. ಉಪನಿಷತ್ತುಗಳನ್ನು ಅನುವಾದಿಸಿದ ಪೌಲ್ ಡಾಯ್ಸನ್ ಅವನ ಶಾಲೆಯ ಗೆಳೆಯ, ಕೇಳಬಹುದಿತ್ತು. ಕೇಳಲಿಲ್ಲ. ಆ ಪುಸ್ತಕ ಹಿಡಿದು ಅದೇ ವರ್ಷ ಎರಡು ಕಡೆ ಬರೆದ. 'ಆಂಟಿಕ್ರೈಸ್ಟ್'ನಲ್ಲಿ ಮನುವನ್ನು ಬೈಬಲ್ಲಿಗಿಂತ ಮೇಲಿಟ್ಟು ಹೊಗಳುತ್ತಾನೆ. 'ಟ್ವಿಲೈಟ್'ನಲ್ಲಿ ಚಂಡಾಲರಿಗೆ ವಿಧಿಸಿದ ಕಟ್ಟಳೆಗಳನ್ನು ಒಂದೊಂದಾಗಿ ಪಟ್ಟಿ ಮಾಡುತ್ತಾನೆ. ತಿನ್ನಲು ಬೆಳ್ಳುಳ್ಳಿ, ಈರುಳ್ಳಿ. ಕುಡಿಯಲು ಹೊಳೆ ಬಾವಿಯ ನೀರಿಲ್ಲ, ಕೊಚ್ಚೆಯ ಅಂಚಿನ ನೀರು, ಪ್ರಾಣಿಗಳ ಹೆಜ್ಜೆಯಲ್ಲಿ ನಿಂತ ನೀರು. ಇವನ್ನೆಲ್ಲ ಬರೆದು, ನಮ್ಮ ಹೃದಯಕ್ಕೆ ಇದಕ್ಕಿಂತ ವಿರುದ್ಧವಾದದ್ದು ಬೇರೆ ಇರಲಾರದು ಎನ್ನುತ್ತಾನೆ. ಶುದ್ಧ ರಕ್ತ ಎಂಬುದು ನಿರುಪದ್ರವಿ ಕಲ್ಪನೆಯಲ್ಲ ಎಂಬುದು ಅಲ್ಲಿ ಅವನಿಗೆ ಹೊಳೆಯುತ್ತದೆ.

— ಒಂದು ಕಡೆ ಹೇಸಿಗೆ, ಇನ್ನೊಂದು ಕಡೆ ಹೊಗಳಿಕೆ. ಆ ನೀರು ಕುಡಿದವರ ಮಕ್ಕಳು ಇದನ್ನು ಹೇಗೆ ಓದಬೇಕು?

— ಅಂಬೇಡ್ಕರ್ ಓದಿದ ಹಾಗೆ. 'ಫಿಲಾಸಫಿ ಆಫ್ ಹಿಂದೂಯಿಸಂ' ಎಂಬ ಅವರ ಬರಹದಲ್ಲಿ ಇದು ಬರುತ್ತದೆ. ಅವರ ಕಾಲದಲ್ಲಿ ಅಚ್ಚಾಗಲಿಲ್ಲ, ಮಹಾರಾಷ್ಟ್ರ ಸರ್ಕಾರ ತಂದ ಸಂಪುಟಗಳಲ್ಲಿ 1987ರಲ್ಲಿ ಬೆಳಕು ಕಂಡಿತು. ಮನುವನ್ನು ಹೊಗಳಿದ ನೀಷೆಯನ್ನು ಅವರು ಬಿಡುವುದಿಲ್ಲ, ಜರತುಷ್ಟ್ರನಲ್ಲಿ ಮನುವಿನ ಮರುಹುಟ್ಟನ್ನೇ ಕಾಣುತ್ತಾರೆ. ಆಮೇಲೆ ಇಬ್ಬರನ್ನೂ ಅಳೆದು ನೋಡುತ್ತಾರೆ. ನೀಷೆಯ ಅತಿಮಾನವ ಯೋಗ್ಯತೆಯಿಂದ ಆಗಬೇಕಾದವನು, ಮನುವಿನವನು ಹುಟ್ಟಿನಿಂದಲೇ ಆಗಿಬಿಟ್ಟವನು. ನೀಷೆ ತನ್ನ ಲಾಭಕ್ಕೆ ಬರೆಯಲಿಲ್ಲ, ಮನು ಒಂದು ವರ್ಗದ ಕೂಲಿಗೆ ಬರೆದ. ಆದ್ದರಿಂದ ಮನುವಿನದು ನೀಷೆಯದಕ್ಕಿಂತಲೂ ಹೀನ ಎಂಬುದು ಅವರ ತೀರ್ಪು. ನೀಷೆ ಎರಡು ಸಾವಿರ ವರ್ಷದ ಕ್ರೈಸ್ತ ನೀತಿಗೆ ಕೇಳಿದ ಪ್ರಶ್ನೆ, ಯಾರು ಇದನ್ನು ಮೌಲ್ಯ ಎಂದು ಕರೆದರು, ಯಾರಿಗೆ ಇದರಿಂದ ಲಾಭ ಎಂಬ ಪ್ರಶ್ನೆ, ಇಲ್ಲಿ ಅವನು ಮೆಚ್ಚಿದ ಮನುವಿನ ಮೇಲೆಯೇ ಬಿತ್ತು. ಅಂಬೇಡ್ಕರರಿಗೆ ಆ ಪ್ರಶ್ನೆ ನೀಷೆಯಿಂದ ಬರಬೇಕಿರಲಿಲ್ಲ, ಅವರ ಬದುಕೇ ಕಲಿಸಿತ್ತು. ಆದರೆ ಅಳತೆಗೋಲು ಎಷ್ಟು ಸರಿಯಾಗಿ ಹೊಂದುತ್ತದೆ ನೋಡು.

— ಲಾಂದ್ರದವನ ಪ್ರಶ್ನೆಗೂ ಅವರೇ ಉತ್ತರ ಕೊಟ್ಟರು ಅಂತ ನನಗನ್ನಿಸುತ್ತದೆ. ಸಮಾನತೆ ಯಾವುದರ ಮೇಲೆ ನಿಂತಿದೆ ಎಂದರೆ, 1954ರ ಆಕಾಶವಾಣಿ ಭಾಷಣದಲ್ಲಿ ಅವರು ಹೇಳಿದ್ದು, ಸ್ವಾತಂತ್ರ್ಯ, ಸಮಾನತೆ, ಬಂಧುತ್ವವನ್ನು ತಾವು ಫ್ರೆಂಚ್ ಕ್ರಾಂತಿಯಿಂದ ಪಡೆದದ್ದಲ್ಲ, ಬುದ್ಧನಿಂದ ಪಡೆದದ್ದು ಎಂದು. ದೇವರಿಲ್ಲದ ಧಮ್ಮ, ಆದರೂ ಮೈತ್ರಿ ಉಂಟು. ಸಂತೆಯಲ್ಲಿ ನಕ್ಕವರ ಬಳಿ ಇಂಥ ಉತ್ತರ ಇರಲಿಲ್ಲ.

— ನೀಷೆಯೂ ಬುದ್ಧನ ಧರ್ಮವನ್ನು ಕ್ರೈಸ್ತ ಧರ್ಮಕ್ಕಿಂತ ಪ್ರಾಮಾಣಿಕ ಎಂದ. ಆದರೂ ಅದು ದಣಿದವರ ಧರ್ಮ ಎಂದು ಪಕ್ಕಕ್ಕಿಟ್ಟ. 1956ರಲ್ಲಿ ನಾಗಪುರದಲ್ಲಿ ಅಂಬೇಡ್ಕರರ ಜೊತೆ ಲಕ್ಷಾಂತರ ಜನ ಎದ್ದು ನಿಂತು ಅದನ್ನು ಸ್ವೀಕರಿಸಿದ್ದನ್ನು ಅವನು ನೋಡಬೇಕಿತ್ತು. ದಣಿವು ಅಲ್ಲಿ ಎಲ್ಲಿತ್ತು! ಓದುವುದಿದ್ದರೆ 'ಜೀನಿಯಾಲಜಿ'ಯ ಮೊದಲ ಪ್ರಬಂಧದಿಂದ ಶುರು ಮಾಡು, ಪುಸ್ತಕ ಕೊಡುತ್ತೇನೆ. ಸಾಲು ಗುರುತು ಹಾಕಿಕೊಳ್ಳಬೇಡ, ಒಂದೇ ಸಲ ಕೊನೆಯತನಕ ಓದು.

— ಓದುತ್ತೇನೆ. ಆದರೆ ಮೊದಲು ಅಂಬೇಡ್ಕರರ ಆ ಬರಹ ಕೊಡಿ. ನೀಷೆ ಬರೆದದ್ದರಲ್ಲಿ ಯಾರ ಮೈಗೆ ಏನು ತಾಗಿತು ಎಂದು ಗೊತ್ತಿರುವವರ ಕಡೆಯಿಂದಲೇ ನಾನು ಅವನ ಹತ್ತಿರ ಹೋಗಬೇಕು. ಆಮೇಲೆ ಮನುವಿನ ಬಗ್ಗೆ ಅವನು ಬರೆದ ಎರಡು ಜಾಗಗಳನ್ನೂ ಅಕ್ಕಪಕ್ಕ ಇಟ್ಟು ನೀವೂ ನಾನೂ ಕೂತು ಓದೋಣ. ಹೊಗಳಿದ ಕಡೆಯನ್ನು ನೀವು ಬಿಡಬಾರದು, ಹೇಸಿದ ಕಡೆಯನ್ನು ನಾನು ಬಿಡುವುದಿಲ್ಲ.